ಮೀಸೆಯವರಿಗೆ ಪ್ರವೇಶವಿಲ್ಲ

ಮೀಸೆಯಿರುವ ಗಂಡಸರನ್ನು ಸದಸ್ಯರಾಗಿ ಸೇರಿಸಿಕೊಳ್ಳದ ಸಾಹಿತ್ಯ ಸಂಘ ಈ ಭೂಮಿಯ ಮೇಲೆ ಬಹುಶಃ ಒಂದೇ ಒಂದು ಇದೆ. ಅದು ಕಾರವಾರದಲ್ಲಿದೆ. ಅದರ ಅಧ್ಯಕ್ಷೆ ನನ್ನ ಮಾವಶಿ, ಅಂದರೆ ನನ್ನ ತಾಯಿಯ ತಂಗಿ. ಕಾರ್ಯದರ್ಶಿ ನಾನು. ಕಾರ್ಯದರ್ಶಿಯ ಕೆಲಸವೆಂದರೆ ಕುರ್ಚಿ ಹಾಕುವುದು, ಕುರ್ಚಿ ತೆಗೆಯುವುದು ಮತ್ತು ಪ್ರತಿ ಭಾನುವಾರ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ನನ್ನ ಸದಸ್ಯತ್ವವನ್ನು ನವೀಕರಿಸಿಕೊಳ್ಳುವುದು!

ಸಂಘ ಇರುವುದು ಒಬ್ಬ ಇಂಗ್ಲಿಷ್ ಕಾದಂಬರಿಕಾರ್ತಿಯ ಅಭಿಮಾನಕ್ಕಾಗಿ. ಆಕೆ ತೀರಿಹೋಗಿ ಯಾವ ಕಾಲವಾಯಿತೋ! ಕಾರವಾರವನ್ನಂತೂ ಕಂಡವರಲ್ಲ. ಕಂಡಿದ್ದರೆ ಇನ್ನೂ ಚೆನ್ನಾಗಿ ಬರೆಯುತ್ತಿದ್ದರು ಎಂಬುದು ಮಾವಶಿಯ ದೃಢವಾದ ಅಭಿಪ್ರಾಯ. ಅವರ ಹೆಸರು? ಅದನ್ನು ಹೇಳುವಂತಿಲ್ಲ. "ದೊಡ್ಡವರನ್ನ ಹೆಸರು ಹಿಡಿದು ಕರೀತಾರೇನೋ? ನಿನ್ನ ಶಾಲೆಯ ಅಕ್ಕೋರನ್ನ ಹೆಸರು ಹಿಡಿದು ಕರೀತಿದ್ಯಾ?" ಎಂದು ಮಾವಶಿ ಒಮ್ಮೆ ನನ್ನನ್ನು ಗದರಿಸಿದಳು. ಅಂದಿನಿಂದ ಆ ಇಂಗ್ಲಿಷ್ ಮಹಿಳೆ ನಮಗೆಲ್ಲ 'ಅಕ್ಕೋರು' ಆದರು. ಹಾಗಾಗಿ ಈ ಬರಹದಲ್ಲೂ ಅವರ ಹೆಸರು ಬರುವುದಿಲ್ಲ. ಮಾವಶಿಯದೂ ಬರುವುದಿಲ್ಲ. ನಾನು ಇನ್ನೂ ಇದೇ ಊರಿನಲ್ಲಿ ಬಾಳಬೇಕು ನೋಡಿ!

ಮಾವಶಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಟ್ರಂಕ್ ಕಾಲ್ ಬುಕ್ ಮಾಡಿ, ಮನೆಮಂದಿಯೆಲ್ಲ ಫೋನಿನ ಸುತ್ತ ಕೂತು ಕಾಯುತ್ತಿದ್ದ ಕಾಲ ಅದು. ಯಾರ ಮನೆಗೆ ಹುಡುಗಿ ನೋಡಲು ಯಾರು ಬರುತ್ತಾರೆ, ನೋಡಿ ಹೋದವರು ಏನೆಂದರು, ಏನನ್ನು ಎನ್ನದೆ ನುಂಗಿಕೊಂಡರು, ಎಲ್ಲವೂ ಅವಳ ಕಿವಿಯ ಮೂಲಕವೇ ಊರಿಗೆ ಬರಬೇಕಿತ್ತು. ಒಂದೇ ಒಂದು ಮಾತು ಅವಳ ಬಾಯಿಂದ ಹೊರಬಿದ್ದದ್ದಿಲ್ಲ. ಆದರೂ ಕಾರವಾರದ ಕೆಲವು ವಯಸ್ಸಾದ ಗೃಹಸ್ಥರು ಇಂದಿಗೂ ಅವಳನ್ನು ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾರೆ. ಯಾಕೆ ಹೋಗುತ್ತಾರೆ ಎಂದು ಕೇಳಿದರೆ, "ಬಿಸಿಲಿಗೆ" ಎನ್ನುತ್ತಾಳೆ. ಮಳೆಗಾಲದಲ್ಲೂ!

ಅಕ್ಕೋರ ಪುಸ್ತಕ ಅವಳ ಕೈಗೆ ಬಂದದ್ದು ಹೇಗೆ ಎನ್ನುವುದಕ್ಕೆ ನಮ್ಮ ಮನೆಯಲ್ಲಿ ಮೂರು ಕತೆಗಳಿವೆ. ವರ್ಗವಾಗಿ ಹೋದ ಎಂಜಿನಿಯರೊಬ್ಬರು ಎಕ್ಸ್‌ಚೇಂಜಿನ ಮೇಜಿನ ಮೇಲೆ ಮರೆತು ಬಿಟ್ಟುಹೋದರು ಎನ್ನುವುದು ಅವಳ ಕತೆ. ಮರೆತಲ್ಲ, ಬೇಕೆಂದೇ ಬಿಟ್ಟುಹೋದರು ಎನ್ನುವುದು ನನ್ನ ಅಮ್ಮನ ಕತೆ. ಮೂರನೆಯದರಲ್ಲಿ ಪುಸ್ತಕ ಬಂದರಿಗೆ ಬಂದ ಹಡಗಿನಿಂದ ಇಳಿಯುತ್ತದೆ. ಅದನ್ನು ಯಾರಾದರೂ ಹೇಳಿದ್ದರೋ, ಚಿಕ್ಕಂದಿನಲ್ಲಿ ನಾನೇ ಕಟ್ಟಿಕೊಂಡೆನೋ ಈಗ ತಿಳಿಯದು. ಹಡಗೂ ಇರಲಿ ಬಿಡಿ. ನೆನಪು ಬಹಳ ಒಪ್ಪವಾಗಿ ಬಂದು ಎದುರಿಗೆ ಕೂತಾಗೆಲ್ಲ ನನಗೆ ಅನುಮಾನ. ಯಾರೋ ಅದಕ್ಕೆ ತಲೆ ಬಾಚಿ, ಪೌಡರು ಹಾಕಿ ಕಳಿಸಿದ್ದಾರೆ ಅನ್ನಿಸುತ್ತದೆ.

ಓದಿ ಮುಗಿಸಿ ಅವಳು ಹೇಳಿದ ಮಾತು ಮಾತ್ರ ಮೂರೂ ಕತೆಗಳಲ್ಲಿ ಒಂದೇ: "ಈ ಅಕ್ಕೋರೂ ಎಕ್ಸ್‌ಚೇಂಜಿನಲ್ಲೇ ಕೆಲಸ ಮಾಡ್ತಿದ್ರು ಕಾಣ್ತದೆ!"

ಯೋಚಿಸಿದರೆ ಸುಳ್ಳಲ್ಲ. ಅಕ್ಕೋರ ಕಾದಂಬರಿಗಳಲ್ಲಿ ಇರುವುದೇನು? ನಾಲ್ಕಾರು ಮನೆ, ಒಂದಿಷ್ಟು ಚಹಾ, ಮದುವೆಯಾಗಬೇಕಾದ ಹುಡುಗಿಯರು, ಬಾಯಲ್ಲಿ ಒಂದು ಹೇಳಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡ ಜನ. ಟ್ರಂಕ್ ಕಾಲಿನಲ್ಲಿ ಇದ್ದದ್ದೂ ಅದೇ ತಾನೆ? ನಿವೃತ್ತಿಯ ದಿನ ಹೆಡ್‌ಸೆಟ್ ತೆಗೆದಿಟ್ಟು ಬಂದವಳು, ನೆರೆಹೊರೆಯವರನ್ನು ಜಗುಲಿಗೆ ಕರೆದು ಆ ಪುಸ್ತಕವನ್ನು ಅರ್ಧ ಕನ್ನಡ, ಅರ್ಧ ಕೊಂಕಣಿಯಲ್ಲಿ ಹೇಳಲು ಶುರು ಮಾಡಿದಳು. ಸಂಘ ಹುಟ್ಟಿದ್ದು ಹಾಗೆ. ಅವಳು ಮದುವೆಯಾಗಲಿಲ್ಲ, ಮನೆ ಕಟ್ಟಿಸಲಿಲ್ಲ. ತನ್ನದು ಎಂದು ಅವಳು ಕಟ್ಟಿದ್ದು ಇದೊಂದನ್ನೇ.

ಹೇಳುವ ರೀತಿಯೂ ಎಕ್ಸ್‌ಚೇಂಜಿನದೇ. ಕತೆ ಬಿಸಿಯೇರಿ, ಹುಡುಗಿ ಬಾಗಿಲ ಸಂದಿಯಿಂದ ಏನನ್ನೋ ಕೇಳಿ ಬೆಚ್ಚಿಬೀಳುವ ಹೊತ್ತಿಗೆ ಮಾವಶಿ ತಟ್ಟನೆ ನಿಲ್ಲಿಸಿ, ಹಳೆಯ ಕಚೇರಿಯ ದನಿಯಲ್ಲಿ, "ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?" ಎನ್ನುತ್ತಾಳೆ. ಮೊದಲೆಲ್ಲ ನಾವು "ಮಾಡಿ! ಮಾಡಿ!" ಎಂದು ಕೂಗುತ್ತಿದ್ದೆವು. ಆಮೇಲೊಮ್ಮೆ ಕೂಗುವುದು ಅಸಭ್ಯವೆಂದು ತೀರ್ಮಾನವಾಗಿ, ಕೈ ಎತ್ತಬೇಕೆಂದಾಯಿತು.

ನಮ್ಮ ಶ್ರೋತೃಗಳು ಎಂಥವರು ಅಂದುಕೊಂಡಿರಿ? ಮೀನು ಮಾರ್ಕೆಟ್ಟಿನ ಪಾರ್ವತಿ, ಅಕ್ಕೋರ ಕತೆಯ ಯಾವ ವರನನ್ನೂ ಒಂದೇ ನೋಟಕ್ಕೆ ಒಪ್ಪಿದವಳಲ್ಲ. ಸಿರಿವಂತನೊಬ್ಬ ಬಂದು ಊರಿಗೆ ಊರೇ ಮರುಳಾದಾಗ, "ಹೊಳಪು ನೋಡಿ ಎಂತಾ ಮಾಡುದು? ಕಿವಿರು ಎತ್ತಿ ನೋಡ್ಬೇಕಿತ್ತು" ಎಂದಳು. ಮುಂದಿನ ವಾರ ಅವನ ಬಣ್ಣ ಬಯಲಾಯಿತು. ಪಾರ್ವತಿ ಸೆರಗು ಸರಿಮಾಡಿಕೊಂಡು ನಮ್ಮತ್ತ ನೋಡಿದ ಗತ್ತು ಯಾವ ವಿಮರ್ಶಕರಿಗೆ ಬಂದೀತು!

ಇನ್ನೊಬ್ಬರು ತೋಡೂರಿನ ಸುಬ್ರಾಯಣ್ಣ. ನೌಕಾನೆಲೆಗೆಂದು ಜಾಗ ಹೋದಾಗ ಅರ್ಗಾದ ಮನೆ ಬಿಟ್ಟು ಬಂದವರು. ಕತೆಯಲ್ಲೊಮ್ಮೆ ಒಂದು ಕುಟುಂಬ ಹುಟ್ಟಿ ಬೆಳೆದ ಮನೆಯನ್ನು ಬಿಟ್ಟು ಹೊರಡುವ ಸಂದರ್ಭ ಬಂತು. ಸುಬ್ರಾಯಣ್ಣ ಕೈ ಎತ್ತಿದರು.

"ಅಕ್ಕಾ, ನೋಟಿಸು ಮೊದ್ಲೇ ಕೊಟ್ಟಿದ್ರಾ? ತೆಂಗಿನ ಮರಕ್ಕೆ ಬೇರೆ ಪರಿಹಾರ ಉಂಟಾ?"

"ಅಲ್ಲಿ ತೆಂಗಿನ ಮರವೇ ಇಲ್ಲ ಸುಬ್ರಾಯಣ್ಣ."

"ಹಂಗಾರೆ ಎಂತಕ್ಕೆ ಅಳ್ತಾರೆ?"

ಹೀಗೆಂದವರು ತಾವೇ ಕಣ್ಣೊರೆಸಿಕೊಂಡರು. ಕೇಳಿದ್ದಕ್ಕೆ, ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದರು.

ಬಿಸಿಲಿನ ಮಾತೂ ನಿಜವೇ. ಅದು ಸಂಘದ ನಿಯಮ! ಸಭೆ ಇಳಿಹೊತ್ತಿಗೆ. ಮಾವಶಿ ಸಮುದ್ರಕ್ಕೆ ಬೆನ್ನು ಹಾಕಿ ಕೂರುತ್ತಾಳೆ. ನಾವು ಅರ್ಧಚಂದ್ರಾಕಾರದಲ್ಲಿ ಅವಳೆದುರು, ಪಡುವಣದ ಬಿಸಿಲಿಗೆ ಮುಖ ಕೊಟ್ಟು, ಕಣ್ಣು ಕಿರಿದು ಮಾಡಿಕೊಂಡು ಕೂರಬೇಕು. ಯಾಕೆ? "ಅಕ್ಕೋರ ಊರಲ್ಲಿ ಬಿಸಿಲೇ ಇಲ್ಲ, ಪಾಪ. ಅವರ ಪಾಲಿಂದೂ ನಾವೇ ತಗೊಳ್ಬೇಕು." ಒಬ್ಬರು ಮಾತಾಡುವಾಗ ಇನ್ನೊಬ್ಬರು ತುಟಿ ಬಿಚ್ಚುವಂತಿಲ್ಲ. ಯಾಕೆ? ಅಕ್ಕೋರ ಕಾಲದ ಶಿಷ್ಟಾಚಾರ. ಬಾಯಲ್ಲಿ ತಿಂಡಿ ಇಟ್ಟುಕೊಂಡು ಮಾತಾಡುವಂತಿಲ್ಲ. ಅದೂ ಶಿಷ್ಟಾಚಾರ. ಇದರಿಂದ ಹೆಚ್ಚು ಕಷ್ಟವಾದದ್ದು ಪಾರ್ವತಿಗೆ. ಸುಂಗಟೆ, ಅಂದರೆ ಸಿಗಡಿ ಹುರಿದು ತರುವವಳೇ ಅವಳು. "ಬಾಯಿ ಖಾಲಿ ಇಟ್ಕಂಡು ಕಾದಂಬ್ರಿ ಬಗ್ಗೆ ಎಂತಾ ಮಾತಾಡುಕೆ ಬರ್ತದೆ ಅಕ್ಕಾ?" ಎಂದು ಅವಳು ಮಂಡಿಸಿದ ಪ್ರಶ್ನೆಗೆ ಸಾಹಿತ್ಯಲೋಕ ಇನ್ನೂ ಉತ್ತರ ಕೊಟ್ಟಿಲ್ಲ.

ಆಮೇಲೆ ಮೀಸೆ. ಅಕ್ಕೋರ ಕಾಲದ ಮರ್ಯಾದಸ್ಥ ಗಂಡಸರು ಮೀಸೆ ಬಿಡುತ್ತಿರಲಿಲ್ಲವಂತೆ! ನಾನು ಬೋಳಿಸಿದೆ. ಸುಬ್ರಾಯಣ್ಣ ಬೋಳಿಸಿದರು, ಅವರ ಮೊಮ್ಮಗಳು ಅವರನ್ನು ಕಂಡು ಅತ್ತಳು. ಬೋಳಿಸದೆ ಉಳಿದವರು ಒಬ್ಬರೇ: ಅಂಕೋಲೆಯ ಕಂಟ್ರೋಲರ್ ಮಾಮಾ.

ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತರಾದವರು. ಒಮ್ಮೆ ಯಾರನ್ನೋ ನೋಡಲು ಕಾರವಾರಕ್ಕೆ ಬಂದು, ಮಾವಶಿಯ ಜಗುಲಿಯ ಹೊರಗೆ ನಿಂತು ಅಕ್ಕೋರ ಒಂದು ಅಧ್ಯಾಯ ಕೇಳಿ, ಮನೆಗೆ ಹೋದವರೇ ಅಂಕೋಲೆಯಲ್ಲೊಂದು ಶಾಖೆ ತೆರೆದರು. ಪ್ರತಿ ಸಭೆಗೂ ತಮ್ಮ ಊರಿನವರನ್ನು ಬಸ್ಸಿಗೆ ಹತ್ತಿಸಿಕೊಂಡು ಬರುತ್ತಾರೆ. ಅವರಿಲ್ಲದಿದ್ದರೆ ನಮ್ಮ ಕುರ್ಚಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಆದರೆ ಮೀಸೆ! ಅದನ್ನು ಹೇಗೆ ವರ್ಣಿಸಲಿ? ಮೇಲಿನ ತುಟಿಯನ್ನು ಪೂರ್ತಿ ಮುಚ್ಚಿ, ಕೆಳಗಿನದನ್ನೂ ವಿಚಾರಿಸಿಕೊಂಡು ಹೋಗುವಂಥದ್ದು. ಚಹಾ ಕುಡಿದರೆ ಮೊದಲ ಗುಟುಕು ಅದಕ್ಕೇ.

ನಿಯಮ ನಿಯಮವೇ. ಮಾವಶಿ ತೀರ್ಪು ಕೊಟ್ಟಳು: "ಮೀಸೆ ಇದ್ರೆ ಸೀಟಿಲ್ಲ. ನಿಂತು ಬರಬಹುದು." ಜೀವಮಾನವೆಲ್ಲ ಊರ ಜನರನ್ನು ಬಸ್ಸಿನಲ್ಲಿ ನಿಲ್ಲಿಸಿ ಕಳಿಸಿದ ಮನುಷ್ಯ ನಮ್ಮ ಸಭೆಯಲ್ಲಿ ಕಂಬಕ್ಕೆ ಒರಗಿ ನಿಂತ ಪ್ರಯಾಣಿಕ!

ನಿಂತರೂ ಸುಮ್ಮನಿರುವವರಲ್ಲ. "ಮೇಡಂ, ಅಕ್ಕೋರ ಕಾಲದ ಗಂಡಸ್ರಿಗೆ ಮೀಸೆ ಇರ್ಲಿಲ್ಲ, ಒಪ್ದೆ. ಆದ್ರೆ ಅವ್ರು ಕುದ್ರೆ ಮೇಲೆ ಬರ್ತಿದ್ರು. ನಾ ಬಸ್ಸಿಗೆ ಬಂದೆ. ಅದು ತಪ್ಪಲ್ವಾ?"

ಮಾವಶಿ ಅವರ ಮುಖವನ್ನೇ ಒಂದಿಷ್ಟು ಹೊತ್ತು ದಿಟ್ಟಿಸಿ, ನಿಧಾನವಾಗಿ ಹೇಳಿದಳು: "ಅದಕ್ಕೇ ಅಕ್ಕೋರು ಮದುವೆ ಆಗ್ಲಿಲ್ಲ."

ಜಗುಲಿ ನಗೆಯಲ್ಲಿ ಮುಳುಗಿತು. ಎಂಥಾ ಪೆಟ್ಟು! ಆ ಮಾತು ಅವಳ ಬ್ರಹ್ಮಾಸ್ತ್ರವಾಯಿತು. ಕಂಟ್ರೋಲರ್ ಮಾಮಾ ಏನೇ ತಕರಾರು ಎತ್ತಲಿ, ಉತ್ತರ ಅದೇ. ಪ್ರತಿಸಲವೂ ಅದು ಅಲ್ಲಿಗೇ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಒಮ್ಮೆಯಂತೂ ಪಾರ್ವತಿ ಅವಳ ಬೆನ್ನ ಹಿಂದಿನಿಂದ, "ಸಕ್ಕರೆ ಹಾಕ್ಲಾ ಅಕ್ಕಾ?" ಎಂದು ಕೇಳಿದ್ದಕ್ಕೂ, "ಅದಕ್ಕೇ ಅಕ್ಕೋರು ಮದುವೆ ಆಗ್ಲಿಲ್ಲ" ಎಂದುಬಿಟ್ಟಳು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ನಕ್ಕದ್ದನ್ನು ನೋಡಿ ಅವಳೂ ನಕ್ಕಳು. ಅವಳು ಯಾವಾಗಲೂ ಹಾಗೆ. ಸಮಾರಂಭಕ್ಕೆ ಬರುವ ಮುಖ್ಯ ಅತಿಥಿಯ ಹಾಗೆ ಸ್ವಲ್ಪ ತಡವಾಗಿ ನಗುತ್ತಾಳೆ. ಕಂಟ್ರೋಲರ್ ಮಾಮಾನ ಮಾತಿನ ಬಗ್ಗೆ ನನ್ನ ಹತ್ತಿರ ಹೇಳಿದ್ದಳು: "ಬಸ್ ಸ್ಟ್ಯಾಂಡಿನ ಮೈಕಿನ ಹಾಗೆ ಪುತಾ. ಸದ್ದು ಬರ್ತದೆ, ಬಸ್ ಯಾವ ಊರಿಂದು ಅಂತ ತಿಳಿಯೂದಿಲ್ಲ."

ಅರ್ಗಾದಿಂದ ನೌಕಾಪಡೆಯ ಅಧಿಕಾರಿಯೊಬ್ಬರ ಹೆಂಡತಿ ಒಮ್ಮೆ ಬಂದಿದ್ದರು. ಅಕ್ಕೋರ ಎಲ್ಲ ಕಾದಂಬರಿಗಳನ್ನೂ ಮತ್ತೆ ಮತ್ತೆ ಓದಿದ್ದೇನೆ ಎಂದು ಇಂಗ್ಲಿಷಿನಲ್ಲಿ ಹೇಳಿಕೊಂಡರು. ಮಾವಶಿಯೂ ಇಂಗ್ಲಿಷಿನಲ್ಲೇ ಕೇಳಿದಳು: "ಓದಿದ್ದು ಸರಿ. ಕೇಳಿದ್ದೀರಾ?" ಆಕೆ ಮುಂದಿನ ಭಾನುವಾರವೂ ಬಂದರು, ಭಾಷೆ ತಿಳಿಯದಿದ್ದರೂ ಕಣ್ಣು ಮುಚ್ಚಿ ಕೊನೆಯವರೆಗೆ ಕೇಳಿದರು. ಅವರು ಹೋದ ಮೇಲೆ ಮಾವಶಿ, "ಕಣ್ಣು ಮುಚ್ಕೊಂಡು ಕೇಳ್ತಾಳೆ ನೋಡು, ಪುಣ್ಯವಂತೆ" ಎಂದಳು. ಇದರಲ್ಲಿ ಪುಣ್ಯವೇನು ಬಂತು ಎಂದು ನನಗೆ ಹೊಳೆಯಲಿಲ್ಲ.

ನಾನು ಹೆಮ್ಮೆ ಪಡುವುದು ಇದಕ್ಕೆ: ಇಂಗ್ಲಿಷಿನ ಒಂದು ಸಾಲನ್ನೂ ಓದದ ನಮ್ಮ ಜನ, ಆ ಕತೆಯ ಹುಡುಗಿ ಮೊದಲ ಸಂಬಂಧವನ್ನು ನಿರಾಕರಿಸಿದ್ದು ಸರಿಯೇ ತಪ್ಪೇ ಎಂದು ಮೀನು ಮಾರ್ಕೆಟ್ಟಿನಲ್ಲಿ ಬಂಗಡೆ ಕೈಯಲ್ಲಿ ಹಿಡಿದು ಜಗಳವಾಡುತ್ತಾರೆ. ಬೇರೆ ಯಾವ ಊರಿನಲ್ಲಿ ಹೀಗುಂಟು, ತೋರಿಸಿ ನೋಡೋಣ!

ಇಂಥ ಸಂಘ ಒಡೆಯುವ ಹಂತಕ್ಕೆ ಬಂದದ್ದು ಟೆಲಿಫೋನಿನಿಂದ!

ಮಳೆಗಾಲ ಶುರುವಾಗಿತ್ತು. ಹೆದ್ದಾರಿಯಲ್ಲಿ ಯಾವಾಗ ಗುಡ್ಡದ ಮಣ್ಣು ಇಳಿದು ಬಸ್ಸು ನಿಲ್ಲುತ್ತದೋ ಹೇಳಲಾಗದು. ಕಂಟ್ರೋಲರ್ ಮಾಮಾ ಕಂಬ ಬಿಟ್ಟು ಮುಂದೆ ಬಂದರು. "ಮೇಡಂ, ನಮ್ಮಲ್ಲಿ ವಯಸ್ಸಾದ ಹೆಂಗಸ್ರು ಇದ್ದಾರೆ. ಈ ಮಳೇಲಿ ಕರ್ಕಂಡು ಬರೂದು ಕಷ್ಟ. ಇನ್ಮೇಲೆ ಸಭೆ ಫೋನಲ್ಲೇ ಮಾಡ್ವಾ. ಎಲ್ಲರ್ನೂ ಒಂದೇ ಕಾಲಿಗೆ ಸೇರ್ಸಿದ್ರೆ ಆಯ್ತು. ನೀವು ಕಾರವಾರದಿಂದ ಹೇಳಿ, ನಾವು ಅಂಕೋಲೆಲಿ ಕೇಳ್ತೇವು."

ಎಂಥ ಸೊಗಸಾದ ಯೋಚನೆ! ನಾವೆಲ್ಲ ಮಾವಶಿಯತ್ತ ತಿರುಗಿದೆವು. ಅವಳ ಪಾಲಿಗೆ ಇದು ತವರಿಗೆ ಹೋದ ಹಾಗಲ್ಲವೇ? ಅವಳಿಗೆ ಮಾತು ಅರ್ಥವಾದಂತೆ ಕಾಣಲಿಲ್ಲ. ಪಾರ್ವತಿ ಎದುರಿಗೆ ಬಂದು ಇನ್ನೊಮ್ಮೆ ಬಿಡಿಸಿ ಹೇಳಿದಳು. ಮಾವಶಿಯ ಮುಖ ಬಿಳಿಚಿತು.

"ಆಗೂದಿಲ್ಲ."

"ಎಂತಕ್ಕೆ ಮೇಡಂ?"

"ಫೋನಲ್ಲಿ ಅಕ್ಕೋರು ಬರೂದಿಲ್ಲ. ಅಷ್ಟೇ."

ಬದುಕೆಲ್ಲ ಫೋನಿನಲ್ಲೇ ಕಳೆದವಳು ಹೀಗೆಂದರೆ? ಕಂಟ್ರೋಲರ್ ಮಾಮಾನಿಗೆ ಕೋಪ ಬಂತು. "ಹಂಗಾರೆ ನಾವು ಅಂಕೋಲೆಯವ್ರು ಬೇರೆ ಆಗ್ತೇವು. ಬರೂ ಸಭೇಲಿ ಎರಡ್ರಲ್ಲಿ ಒಂದು ತೀರ್ಮಾನ ಆಗ್ಲಿ." ಬರುವ ಸಭೆಯೆಂದರೆ ಅಕ್ಕೋರ ಹೆಸರಿನ ವಾರ್ಷಿಕೋತ್ಸವ. ಕಾರವಾರಕ್ಕೂ ಅಂಕೋಲೆಗೂ ಜಗಳ ಬೇಡವೆಂದು ಅದನ್ನು ನಡುದಾರಿಯಲ್ಲಿ, ಹಟ್ಟಿಕೇರಿಯ ಪಾರ್ವತಿಯ ತವರುಮನೆಯಲ್ಲಿ ನಡೆಸುವುದು ರೂಢಿ. ಅಂಕೋಲೆಯವರು ಹೋದರೆ ಉಳಿಯುವುದು ಪಾರ್ವತಿ, ಸುಬ್ರಾಯಣ್ಣ, ನಾನು, ಅಕ್ಕಪಕ್ಕದ ಒಂದಿಬ್ಬರು ಮತ್ತು ಖಾಲಿ ಕುರ್ಚಿಗಳು. ಆ ವಾರ ಮಾವಶಿ ಸರಿಯಾಗಿ ಊಟ ಮಾಡಲಿಲ್ಲ.

ಒಂದೇ ಒಂದು ಸಲ ಫೋನಿನಲ್ಲಿ ಪ್ರಯತ್ನಿಸಿ ನೋಡು ಎಂದು ನಾನು ಬೆನ್ನು ಬಿದ್ದೆ. ಕೊನೆಗೆ ಒಪ್ಪಿದಳು. ಮಧ್ಯಾಹ್ನ ನಾನೇ ಅವಳ ಮೊಬೈಲಿನಿಂದ ಕಂಟ್ರೋಲರ್ ಮಾಮಾನಿಗೆ ಕರೆ ಹಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಫೋನನ್ನು ಕಿವಿಗಿಟ್ಟುಕೊಂಡು, "ಹಲೋ ಅಂಕೋಲಾ, ಕಾರವಾರ ಮಾತಾಡ್ತಿದೆ" ಎಂದಳು. ಅಬ್ಬಾ, ಆ ದನಿ! ಹೆಡ್‌ಸೆಟ್ಟು, ಸ್ವಿಚ್‌ಬೋರ್ಡು, ಕಾಯುತ್ತಿರುವ ಇಡೀ ಜಿಲ್ಲೆ ಆ ದನಿಯಲ್ಲಿತ್ತು. ಕತೆ ಶುರುವಾಯಿತು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಹೇಳಿರಲಿಲ್ಲ. ನಾನು ಹಿಗ್ಗುತ್ತಾ ಅಂಗಳಕ್ಕೆ ಬಂದು ನಿಂತೆ.

ನನ್ನ ಫೋನು ಬಡಿದುಕೊಂಡಿತು. ಕಂಟ್ರೋಲರ್ ಮಾಮಾ!

"ತಮಾ, ಲೈನು ಆಗ್ಲೇ ಕಟ್ ಆಗ್ಯದೆ. ನಡು ನಡುವೆ ದನಿ ಹೋಗ್ತಿತ್ತು. ಕೇಳ್ಸೂದಿಲ್ಲ, ಕೇಳ್ಸೂದಿಲ್ಲ ಅಂತ ನಾ ಎಷ್ಟ್ ಕೂಗ್ದೆ, ಮೇಡಂ ನಿಲ್ಸೂದೇ ಇಲ್ಲ! ಸಿಟ್ಟು ಬಂತಾ ಅವ್ರಿಗೆ?"

ನಾನು ಒಳಗೆ ನೋಡಿದೆ. ಮಾವಶಿ ಕತ್ತಲಾದ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು, ಕಣ್ಣರಳಿಸಿ ಕತೆ ಹೇಳುತ್ತಿದ್ದಳು. "ಮೂರು ನಿಮಿಷ ಆಯ್ತು. ಎಕ್ಸ್‌ಟೆಂಡ್ ಮಾಡ್ಲಾ?" ಎಂದಳು. ಒಂದು ಕ್ಷಣ ಬಿಟ್ಟು ತಾನೇ ತಲೆಯಾಡಿಸಿ, ಮುಂದುವರಿಸಿದಳು.

ನನ್ನ ಫೋನನ್ನು ಬಾಗಿಲ ಕಡೆ ಹಿಡಿದೆ. ಅವರಿಗೆ ಅವಳ ದನಿ ಕೇಳಿಸಿರಬೇಕು. ಆಮೇಲೆ ಬಸ್ ಸ್ಟ್ಯಾಂಡಿನ ಆ ದನಿ ಮೊದಲ ಬಾರಿ ತಗ್ಗಿತು.

"ಹೇಳ್ಲಿ ತಮಾ. ನೀ ಎದ್ರಿಗೆ ಕೂತ್ಕಂಡು ಕೇಳು."

ಹೋಗಿ ಕೂತೆ. ಅಧ್ಯಾಯ ಮುಗಿಸಿ ಫೋನು ಕೆಳಗಿಟ್ಟು ಮಾವಶಿ ಹೇಳಿದಳು: "ಅಂಕೋಲೆಯವ್ರು ಇವತ್ತು ಎಷ್ಟು ಗಮನ ಇಟ್ಟು ಕೇಳಿದ್ರು ಪುತಾ! ಮಧ್ಯ ಒಂದು ಮಾತಿಲ್ಲ." ಆಮೇಲೆ ನನ್ನ ಮುಖ ನೋಡಿದಳು. ಅವಳು ಮುಖ ಓದುವುದರಲ್ಲಿ ಎಷ್ಟು ನುರಿತಿದ್ದಳೆಂದು ನನಗಾಗ ಗೊತ್ತಿರಲಿಲ್ಲ. "ಆದ್ರೂ ಫೋನು ಬೇಡ" ಎಂದು ಎದ್ದು ಒಳಗೆ ಹೋದಳು.

ಅಂದು ಸಂಜೆ ನನ್ನ ತಲೆಯಲ್ಲಿ ಎಲ್ಲವೂ ಸಾಲಾಗಿ ಬಂದು ನಿಂತವು: ನಮ್ಮ ಮುಖದ ಮೇಲೆ ಬೀಳುವ ಬಿಸಿಲು, ಒಬ್ಬೊಬ್ಬರೇ ಆಡಬೇಕಾದ ಮಾತು, ಅಗಿಯದ ಬಾಯಿ, ಎತ್ತಿದ ಕೈ, ತುಟಿ ಮುಚ್ಚುವ ಮೀಸೆ. ಸಾಲು ಬಹಳ ನೆಟ್ಟಗಿದೆ. ಅದಕ್ಕೇ ನಾನು ಪೂರ್ತಿ ನಂಬುವುದಿಲ್ಲ. ಮೀಸೆಯ ನಿಯಮ ಬಂದಾಗ ಅವಳ ಕಿವಿ ಇನ್ನೂ ಚೆನ್ನಾಗಿತ್ತು, ಅದು ಬರೀ ಹುಚ್ಚು ಎನ್ನುತ್ತಾಳೆ ಅಮ್ಮ. ಇದ್ದರೂ ಇರಬಹುದು. ಕಿವಿಯ ಡಾಕ್ಟರ ಹತ್ತಿರ ಹೋಗೋಣವೇ ಎಂದು ಎದುರಿಗೆ ನಿಂತು ಕೇಳಿದ್ದಕ್ಕೆ ಮಾವಶಿ, "ನನ್ನ ಕಿವಿಗೆ ಎಂತಾಗಿದೆ? ಇದು ಕಾರವಾರದ ಕಿವಿ!" ಎಂದಳು. ಈ ಮಾತಿಗೆ ಯಾವ ಡಾಕ್ಟರು ಔಷಧ ಕೊಟ್ಟಾರು?

ವಾರ್ಷಿಕೋತ್ಸವದ ದಿನ ಹಟ್ಟಿಕೇರಿಯಲ್ಲಿ ಮಳೆ ಬಿಡುವು ಕೊಟ್ಟಿತ್ತು. ಮೋಡ ಸರಿದು ಬಿಸಿಲೂ ಇಣುಕಿತ್ತು. ನಾನು ಕುರ್ಚಿಗಳನ್ನು ಬಿಸಿಲಿಗೆ ಮುಖ ಮಾಡಿ, ಒಂದೊಂದನ್ನೂ ಅಳೆದು ಹಾಕಿದೆ. ಮಾವಶಿ ಸೀರೆಯ ನೆರಿಗೆ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಿದ್ದಳು. ಬಸ್ಸು ಬರುತ್ತದೋ ಇಲ್ಲವೋ? ಬಂದರೂ ಬೇರೆಯಾಗಲಿಕ್ಕೆ ಬರುತ್ತದೋ?

ಬಸ್ಸು ನಿಂತಿತು. ಅಂಕೋಲೆಯವರೆಲ್ಲ ಇಳಿದರು. ಕೊನೆಯಲ್ಲಿ ಯಾರೋ ಅಪರಿಚಿತರು ಇಳಿದು, ಟವೆಲಿನಿಂದ ಬಾಯಿ ಮುಚ್ಚಿಕೊಂಡು ಅಂಗಳಕ್ಕೆ ಬಂದರು.

"ಯಾರಾ ಇವ್ರು?" ಎಂದಳು ಪಾರ್ವತಿ.

ಅವರು ಟವೆಲು ತೆಗೆದರು. ಮೂಗಿನ ಕೆಳಗೆ, ಎಷ್ಟೋ ವರ್ಷ ಬಿಸಿಲು ಕಾಣದ ಜಾಗ, ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಅದರ ಕೆಳಗೆ, ಪಾಪ, ಎರಡು ಸಾಧಾರಣ ತುಟಿಗಳು! ಯಾರಿಗೂ ನಗಲು ಧೈರ್ಯ ಬರಲಿಲ್ಲ.

ಕಂಟ್ರೋಲರ್ ಮಾಮಾ ಮಾವಶಿಯ ಎದುರು ಬಂದು, ಬಿಸಿಲಿಗೆ ಸರಿಯಾಗಿ ಮುಖ ಕೊಟ್ಟು ನಿಂತು, ಕೂಗದೆ, ಒಂದೊಂದೇ ಮಾತು ಬಿಡಿಸಿ ಕೇಳಿದರು: "ಮೇಡಂ, ಸೀಟ್ ಉಂಟಾ?"

ಮಾವಶಿ ಅವರ ತುಟಿಗಳನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನ ನಟ್ಟನಡುವಿನ ಕುರ್ಚಿಯತ್ತ ಕೈ ತೋರಿಸಿದಳು. ಅವರು ಕೂತರು. 

"ಒಂದು ವಿಷಯ ಮೇಡಂ. ನಮ್ಮ ಅಂಕೋಲೆಲಿ ನೆಟ್‌ವರ್ಕೇ ಸರಿ ಇಲ್ಲ. ಫೋನ್ ಬೇಡ. ಮಳೆ ಜೋರಾದ್ರೆ ಸಭೆ ಮುಂದೆ ಹಾಕ್ವಾ. ಅಕ್ಕೋರಿಗೆ ಎಂತಾ ಅವಸರ? ಬಸ್ ಉಂಟು, ನಾವು ಬರ್ತೇವು."

ಮಾವಶಿ ಸೆರಗಿನಿಂದ ಮೂಗು ಒರೆಸಿಕೊಂಡು, ಮೆಲ್ಲಗೆ ಎಂದಳು: "ಕಂಟ್ರೋಲರ್ರೆ, ಇಷ್ಟು ವರ್ಷ ನೀವು ಇಷ್ಟು ಚಂದ ಮಾತಾಡ್ತಿದ್ರಾ?"

ಅವರು ನಾಚಿ, ಇಲ್ಲದ ಮೀಸೆಯನ್ನು ತಿರುವಲು ಹೋದರು. ಕೈ ಬರಿಯ ಚರ್ಮಕ್ಕೆ ತಾಗಿ ತಬ್ಬಿಬ್ಬಾದರು. ಏನಾದರೂ ಹೇಳಲೇಬೇಕಲ್ಲ? ಹೇಳಿದರು:

"ಅದಕ್ಕೇ ಅಕ್ಕೋರು ಮದುವೆ ಆಗ್ಲಿಲ್ಲ."

ಮಾವಶಿ ನಕ್ಕಳು. ಆ ದಿನ ನಮ್ಮೆಲ್ಲರಿಗಿಂತ ಮೊದಲು ನಕ್ಕವಳು ಅವಳೇ.